ಒಂದು ಅಂಚು ಬಾಕಿ

ಮಲ್ಲಂದೂರಿನ ಚನ್ನಕೇಶವರಿಗೆ ಯಾವ ಕೆಲಸವೂ ಅರ್ಧಕ್ಕೆ ನಿಲ್ಲಬಾರದು. (ಅವರ ಜೀಪು ಅರ್ಧ ಬಣ್ಣ ಬಳಿಸಿಕೊಂಡು ಎರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿರುವುದು ಬೇರೆ ವಿಷಯ.) ಹಾಗಾಗಿ ಹೆಂಡತಿ ಕೃಷ್ಣಮ್ಮನ ಕೌದಿ ಕಂಡರೆ ಅವರ ಮೈಯೆಲ್ಲ ಉರಿಯುತ್ತಿತ್ತು.

ಪ್ರತಿ ಗುರುವಾರ ಮಧ್ಯಾಹ್ನ ಅಕ್ಕಪಕ್ಕದ ತೋಟಗಳ ರಾಮಮ್ಮ ಮೊದಲಾದ ನಾಲ್ವರು ಹೆಂಗಸರು ಇವರ ಜಗಲಿಗೆ ಬಂದು, ಕೃಷ್ಣಮ್ಮನ ಜೊತೆ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ತೀರಿಹೋದ ಅತ್ತೆ ಇದಕ್ಕಿಟ್ಟ ಹೆಸರು ‘ಹೊಲಿಗೆ ಸಮಾಜ’. ಈಗಿನವರು ಕೇಳಿದರೆ ನಗುತ್ತಾರೆ. ನಗು, ಹರಟೆ, ಗಂಡಂದಿರ ಸಹಸ್ರನಾಮ ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ಕೌದಿಗೆ ಮಾತ್ರ ನಾಲ್ಕು ವರ್ಷದಿಂದ ಒಂದು ಅಂಚು ಬಾಕಿ.

ಕೃಷ್ಣಮ್ಮ ವಸ್ತಾರೆಯ ತವರಿಗೆ ಹೋಗಿದ್ದಾಗ ಚನ್ನಕೇಶವರು ಕೌದಿಯನ್ನು ಪೇಟೆಯ ಟೈಲರ್ ಬಾಲರಾಜನಿಗೆ ಕೊಟ್ಟು ಮುಗಿಸಿಯೇಬಿಟ್ಟರು. ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದರು: ‘ಹೊಲಿಗೆ ಸಮಾಜದ ಮಹಾಕಾರ್ಯ ಸಂಪೂರ್ಣ!’

ಕೃಷ್ಣಮ್ಮ ಬಂದವರೇ ಕೌದಿಯ ಅಂಚು ಎಳೆದು ನೋಡಿದರು.

“ಎಂಥ ಕೆಲ್ಸ ಮಾಡಿದ್ರಿ ನೀವು!”

“ಮುಗಿಸ್ದೆ ಮಾರಾಯ್ತಿ!”

“ಯಾರಿಗೆ ಬೇಕಿತ್ತು ಮುಗಿಯೋದು? ಪ್ರತಿ ಗುರುವಾರ ಏಳೋ ಮುಂಚೆ ಅವತ್ತು ಹೊಲಿದಿದ್ದನ್ನ ನಾವೇ ಬಿಚ್ಚಿಡ್ತಿದ್ವಿ. ಕೌದಿ ಮುಗಿಯೋವರೆಗೆ ಮಾತ್ರ ಹೋಗು ಅಂದಿದಾರೆ ರಾಮಮ್ಮನ ಯಜಮಾನ್ರು. ಅವಳಿಗೆ ಮನೆಯಿಂದ ಹೊರಗೆ ಬರಕ್ಕೆ ಇದ್ದಿದ್ದು ಅದೊಂದೇ ದಾರಿ.”

ಮುಂದಿನ ಗುರುವಾರ ಯಾರೂ ಬರಲಿಲ್ಲ. ಕೃಷ್ಣಮ್ಮ ಒಬ್ಬರೇ ಜಗಲಿಯಲ್ಲಿ ಕೂತಿದ್ದನ್ನು ನೋಡಿ ಚನ್ನಕೇಶವರು ಕೌದಿಯನ್ನು ಎತ್ತಿಕೊಂಡು ಶೆಡ್ಡಿಗೆ ಹೋದರು. ಮೂರು ದಿನ ಬ್ಲೇಡು ಹಿಡಿದು, ಬೆರಳೆಲ್ಲ ಕುಯ್ದುಕೊಂಡು, ಆ ಅಂಚಿನ ಹೊಲಿಗೆಯನ್ನು ಬಿಚ್ಚಿದರು. ಆಮೇಲೆ ರಾಮಮ್ಮನ ಗಂಡ ಪರಮೇಶ್ವರಪ್ಪನವರ ಮನೆಗೆ ಹೋದರು.

“ತಪ್ಪು ನಂದೇ. ಅಂಚು ಬಿಚ್ಚಿಬಿಟ್ಟಿದೀನಿ, ಕೌದಿ ಇನ್ನೂ ಮುಗಿದಿಲ್ಲ. ರಾಮಮ್ಮನವ್ರನ್ನ ಕಳ್ಸಿ.”

ಪರಮೇಶ್ವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಿಚ್ಚಿದೋರು ನೀವು, ಹೊಲಿಯಕ್ಕೂ ನೀವು ಕೂರ್ಬೇಕು ಮಾರಾಯ್ರೆ. ಹಂಗಾದ್ರೆ ಕಳಿಸ್ತೀನಿ.”

ಗೆದ್ದೆ ಎಂದುಕೊಂಡರು ಚನ್ನಕೇಶವರು. ಗುರುವಾರ ಐವರು ಹೆಂಗಸರ ನಡುವೆ ಸೂಜಿ ಹಿಡಿದು ವಿರಾಜಮಾನರಾದರು. “ಮಾತಾಡಿ, ನನ್ನ ಲೆಕ್ಕಕ್ಕೆ ತಗೋಬೇಡಿ” ಎಂದರು. ಯಾರೂ ಬಾಯಿ ಬಿಡಲಿಲ್ಲ. ಗಂಡಸಿನ ಎದುರು ಗಂಡಂದಿರ ಸುದ್ದಿ ಆಡುವುದು ಹೇಗೆ? ಬಾಯಿಗೆ ಕೆಲಸವಿಲ್ಲದೆ ಐದು ಜೋಡಿ ಕೈ ಸರಸರ ಓಡಿದವು. ನಾಲ್ಕು ವರ್ಷ ಮುಗಿಯದ ಅಂಚು ಎರಡು ಗಂಟೆಯಲ್ಲಿ ಮುಗಿಯಿತು.

ಬಿಚ್ಚೋಣ ಎನ್ನುವಷ್ಟರಲ್ಲಿ, ಹೆಂಡತಿಯನ್ನು ಕರೆದೊಯ್ಯಲು ಬಂದ ಪರಮೇಶ್ವರಪ್ಪ ಮೆಟ್ಟಿಲು ಹತ್ತಿಯಾಗಿತ್ತು. ಕೌದಿಯ ನಾಲ್ಕೂ ಅಂಚು ಎಳೆದು ನೋಡಿ, “ಭಲೇ ಚನ್ನಕೇಶವ್ರೆ! ನೀವು ಕೂತಿದ್ದಕ್ಕೆ ಕೆಲಸ ಆಯ್ತು ನೋಡಿ!” ಎಂದು ಬೆನ್ನು ತಟ್ಟಿದರು.

ಚನ್ನಕೇಶವರಿಗೆ ತಲೆಯೆತ್ತಲಾಗಲಿಲ್ಲ. ರಾಮಮ್ಮ ತಮ್ಮ ಸೂಜಿಯನ್ನು ಕೃಷ್ಣಮ್ಮನ ಕೈಗಿಟ್ಟರು.

“ಇಟ್ಕೊಳ್ಳಿ ಅಕ್ಕ. ಮನೇಲಿ ನಂಗೆ ಹೊಲಿಯೋದು ಎಂಥದೂ ಇಲ್ಲ.”