ಸದ್ದಿಲ್ಲದ ಕಂಪ್ರೆಸರ್

ಎಲ್ಲಕ್ಕೂ ಕಾರಣ ಒಂದು ಕೂದಲು. ಅಂಟಪ್ಪನ ಬ್ರಷ್ಷಿನಿಂದ ಉದುರಿದ ಆ ಕೂದಲು ಪುಟ್ಟ ವಿಮಾನದ ಎಡ ರೆಕ್ಕೆಯ ಬೂದು ಬಣ್ಣಕ್ಕೆ ಅಂಟಿಕೊಂಡು ಹಾಗೇ ಒಣಗಿಹೋಗಿತ್ತು. ಚಿಮುಟದಲ್ಲಿ ಕೀಳಲು ಹೋದರೆ ಕೂದಲಿನ ಜೊತೆ ಬಣ್ಣವೂ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.

ಅಂಟಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾ ಕಚೇರಿಯ ಗುಮಾಸ್ತನಾದ ಅವನು ದಿನವಿಡೀ ಜಜ್ಜಿದ ಕಾರು, ಸುಟ್ಟ ಫ್ರಿಜ್ಜು, ನೀರು ನುಗ್ಗಿದ ಅಂಗಡಿಗಳ ಫೋಟೋ ನೋಡಿ ನೋಡಿ ಹಣ್ಣಾಗಿ ಮನೆಗೆ ಬರುತ್ತಿದ್ದ. ಮುರಿಯದೆ ಇರೋದು ಒಂದಾದರೂ ಕಣ್ಣಿಗೆ ಬೀಳಲಿ ಅಂತ, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅಂಗೈ ಅಗಲದ ವಿಮಾನ ಮಾಡುತ್ತಿದ್ದ. ಬೆರಳ ತುದಿಯಲ್ಲಿ ಸದಾ ಗೋಂದು. ರುಜು ಹಾಕಿ ಎದ್ದರೆ ಕಾಗದವೂ ಅವನ ಜೊತೆ ಎದ್ದು ಬರುತ್ತಿತ್ತು. ಕಚೇರಿಯವರು ಅಂಟಪ್ಪ ಅಂದರು, ಹೆಸರೂ ಅಂಟಿತು.

ಆ ಶನಿವಾರ ಅವನಿಗೆ ರಜೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ಅಂಟಪ್ಪ ರೆಕ್ಕೆಯನ್ನು ಅವಳ ಮೂಗಿಗೆ ಹಿಡಿದ.

"ನೋಡೇ, ಬ್ರಷ್ಷಿನ ಹಣೆಬರಹವೇ ಇಷ್ಟು. ಏರ್‌ಬ್ರಷ್ ಅಂತ ಬರುತ್ತೆ. ಪೆನ್ನಿನ ಥರಾ ಹಿಡ್ಕೊಂಡು ಗುಂಡಿ ಒತ್ತಿದ್ರೆ ಬಣ್ಣ ಮಂಜಿನ ಹಾಗೆ ಬಂದು ಕೂತ್ಕೊಳ್ಳುತ್ತೆ. ಗಾಳಿಗೆ ಒಂದು ಕಂಪ್ರೆಸರ್ ಬೇಕು. ಇವತ್ತು ತಂದುಬಿಡ್ಲಾ?"

ಹೆಂಡತಿಯ ಕಣ್ಣು ಕೆಂಪಗಿತ್ತು. ಆ ವಾರವೆಲ್ಲ ಹಗಲು ನಿದ್ದೆ ಅವಳ ಪಾಲಿಗೆ ಬಂದಿರಲಿಲ್ಲ. ಎದುರುಮನೆಯವರು ಗೋಡೆ ಒಡೆಸುತ್ತಿದ್ದರು, ಮೇಲಿನ ಮನೆಯವರು ಕುರ್ಚಿ ಎಳೆಯುತ್ತಿದ್ದರು, ಬೀದಿಯ ನಾಯಿಗಳು ತಮ್ಮ ತಕರಾರನ್ನೆಲ್ಲ ಅವಳ ಕಿಟಕಿಯ ಕೆಳಗೇ ಬಗೆಹರಿಸಿಕೊಳ್ಳುತ್ತಿದ್ದವು.

"ತನ್ನಿ, ಯಾರು ಬೇಡ ಅಂದ್ರು," ಅಂದಳು. "ಆದ್ರೆ ಸದ್ದು ಮಾಡಬಾರದು. ಮಾಡ್ತೋ, ಅದೂ ಆಚೆ, ನೀವೂ ಆಚೆ."

ಅಷ್ಟು ಹೇಳಿ ಕೋಣೆಗೆ ಹೋಗಿ ತಲೆ ಮೇಲೆ ದಿಂಬು ಹಾಕಿಕೊಂಡಳು.

ಅಂಟಪ್ಪ ರೆಕ್ಕೆಯ ಗಾಯವನ್ನು ಅಂಗಡಿಯವನಿಗೆ ತೋರಿಸಲೆಂದು ವಿಮಾನವನ್ನು ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ಹೊರಟ. ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಮೈದ ಎದುರಾಗಿ, ಎಲ್ಲಿಗೆ, ಯಾಕೆ ಅಂತ ಕೇಳಿ ತಿಳಿದುಕೊಂಡ. ಬೀದಿಯ ಕೊನೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ಅವನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಇದ್ದರೂ ಅವನಿಗೆ ತಿಳಿದಿರಲಿಲ್ಲ.

"ಕಂಪ್ರೆಸರ್‌ಗೆ ದುಡ್ಡು ಕೊಡ್ತೀರಾ ಭಾವ? ನಾನು ಬದುಕಿದ್ದೂನೂ?" ಎದೆಗೆ ಗುಂಡು ಬಿದ್ದವನ ಹಾಗೆ ನಿಂತ. "ನನ್ನ ಅಂಗಡೀಲಿರೋದು ಲಾರಿ ಟೈರಿಗೇ ಗಾಳಿ ಹಾಕುತ್ತೆ. ನಿಮ್ಮ ವಿಮಾನ ಯಾವ ಲೆಕ್ಕ?"

"ಅದು ಸದ್ದು ಮಾಡುತ್ತಲ್ಲಪ್ಪ."

"ಒಂಚೂರು ಗುರ್ ಅನ್ನುತ್ತೆ ಅಷ್ಟೇ. ಬನ್ನಿ, ನೋಡಿ ಆಮೇಲೆ ಹೇಳಿ."

ಬೇಡ ಅನ್ನಲು ಬೇಕಾದ ಶಕ್ತಿ ಅಂಟಪ್ಪನಲ್ಲಿ ಯಾವತ್ತೂ ಇರಲಿಲ್ಲ. ಬಾಮೈದನ ಕಂಪ್ರೆಸರ್ ಮೂಲೆಯಲ್ಲಿ ಗಬ್ಬದ ಎಮ್ಮೆಯ ಹಾಗೆ ಮಲಗಿತ್ತು. ಗುಂಡಿ ಒತ್ತಿದ ಕೂಡಲೇ ಅದು ನಡುಗಿ, ಕೆಮ್ಮಿ, ಒಂದೇ ಏಟಿಗೆ ಗರ್ಜಿಸತೊಡಗಿತು. ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

"ಎಲ್ಲಿ, ವಿಮಾನ ತೆಗೀರಿ!" ಬಾಮೈದ ಕೂಗಿದ. "ಧೂಳು ಹೊಡೆದು ತೋರಿಸ್ತೀನಿ!"

"ಬೇಡ, ಬೇಡ!" ಅಂದದ್ದು ಆ ಗರ್ಜನೆಯಲ್ಲಿ ಯಾರಿಗೆ ಕೇಳಬೇಕು? ಬಾಮೈದ ಡಬ್ಬಿಯ ಮುಚ್ಚಳ ತೆಗೆದು ಪೈಪು ಹಿಡಿದ.

ಅಂಟಪ್ಪನ ವಿಮಾನ ಅವತ್ತೇ ಮೊದಲ ಬಾರಿ ಹಾರಿತು. ಹತ್ತಿಯ ಸಮೇತ ಎದ್ದು, ಟೈರುಗಳ ರಾಶಿ ದಾಟಿ, ಬೀದಿಯ ಮೇಲೆ ಒಂದು ಸುತ್ತು ಹೊಡೆದು, ನೋಡುವವರ ಕಣ್ಣಿಗೆ ಹಬ್ಬವಾಗುವಂತೆ ತಿರುಗಿ, ಬರುತ್ತಿದ್ದ ಟೆಂಪೋದ ಮುಂದೆ ಇಳಿಯಿತು. ಟೆಂಪೋ ನಿಲ್ಲಲಿಲ್ಲ.

ಅಂಟಪ್ಪ ಟಾರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಆರಿಸಿದ. ಆ ವಿಮಾನಕ್ಕೆ ಅವನು ಒಂದಿಡೀ ಬೇಸಿಗೆಯ ಸಂಜೆಗಳನ್ನು ಕೊಟ್ಟಿದ್ದ. ಕಚೇರಿಯಲ್ಲಿ ನೋಡಿದ ಫೋಟೋಗಳಿಗೂ ಇದಕ್ಕೂ ಈಗ ಏನೂ ವ್ಯತ್ಯಾಸ ಕಾಣಲಿಲ್ಲ.

"ಪ್ರೆಶರ್ ಒಂಚೂರು ಜಾಸ್ತಿ ಆಯ್ತು," ಬಾಮೈದ ತಲೆ ಕೆರೆದುಕೊಂಡ. "ತಪ್ಪು ನಂದೇ ಭಾವ. ಅದಕ್ಕೇ ಇವತ್ತು ಪೂರ್ತಿ ನಿಮ್ಮ ಜೊತೆಗೇ ಇರ್ತೀನಿ."

ಅಂಟಪ್ಪನಿಗೆ ಅಳು ಬಂದದ್ದು ಈ ಮಾತಿಗೆ.

"ಹಲ್ಲಿನ ಡಾಕ್ಟರ ಹತ್ರ ಕಂಪ್ರೆಸರ್ ಇರುತ್ತೆ," ಬಾಮೈದ ದಾರಿಯಲ್ಲಿ ಹೇಳಿದ. "ಹಲ್ಲು ಕೊರೆಯೋದೇ ಅದರಿಂದ. ಕ್ಲಿನಿಕ್ ಒಳಗೆ ಗಾಳಿಮೆಷಿನ್ ಸದ್ದು ಯಾವತ್ತಾದ್ರೂ ಕೇಳಿದ್ದೀರಾ? ಇಲ್ಲ ತಾನೆ? ಯಾವ ಕಂಪನಿದು ಅಂತ ಕೇಳ್ಕೊಂಡು ಹೋದ್ರೆ ಅಂಗಡಿಯವನು ನಮಗೆ ಟೋಪಿ ಹಾಕೋಕಾಗಲ್ಲ."

ಮಾತಿನಲ್ಲಿ ಹುರುಳಿತ್ತು. ಅದೇ ಅಪಾಯ. ಹಲ್ಲಿನ ಡಾಕ್ಟರು ಅದೇ ಓಣಿಯವರು, ಮಾತಿನಮಲ್ಲರು. ಬಾಮೈದ ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಕುರ್ಚಿ ಇದ್ದದ್ದು ಒಂದೇ. ಅಂಟಪ್ಪ ಅದರ ಮೇಲೆ ಕೂತ. ಕೂತದ್ದೇ ಕುರ್ಚಿ ಹಿಂದಕ್ಕೆ ಮಲಗಿತು.

"ಡಾಕ್ಟ್ರೇ, ನಿಮ್ಮ ಕಂಪ್ರೆಸರ್..."

"ಆ ಅನ್ನಿ. ಇನ್ನೂ ದೊಡ್ಡದಾಗಿ. ಆಆ." ಡಾಕ್ಟರು ಕನ್ನಡಿ ತೂರಿಸಿದರು. "ಅಯ್ಯೋ, ಅಯ್ಯೋ. ಇಷ್ಟು ದಿನ ಹೇಗ್ರೀ ಸಹಿಸ್ಕೊಂಡಿದ್ರಿ?"

ಅಂಟಪ್ಪ ಏನನ್ನೂ ಸಹಿಸಿಕೊಂಡಿರಲಿಲ್ಲ. ಹಾಗಂತ ಹೇಳೋಣವೆಂದರೆ ಬಾಯಲ್ಲಿ ಡಾಕ್ಟರ ಎರಡು ಬೆರಳು, ಒಂದು ಕನ್ನಡಿ, ಒಂದು ಕೊಳವೆ.

"ಬುದ್ಧಿಹಲ್ಲು, ಪೂರ್ತಿ ಕೊಳೆತಿದೆ. ನೋವಾದಾಗ ಬಂದು ಗೋಳಾಡೋದಕ್ಕಿಂತ ಈಗ್ಲೇ ತೆಗೆಯೋದು ವಾಸಿ, ಏನಂತೀರಿ?"

"ಆಆ," ಅಂದ ಅಂಟಪ್ಪ.

"ಅದೇ ಮತ್ತೆ," ಅಂದು ಡಾಕ್ಟರು ಸೂಜಿ ಚುಚ್ಚಿದರು.

ಕುರ್ಚಿ ಮತ್ತೆ ನೆಟ್ಟಗಾದಾಗ ಅಂಟಪ್ಪನ ಬಲಗೆನ್ನೆ ಬೇರೆ ಯಾರದ್ದೋ ಆಗಿತ್ತು. ಒಳಗೆ ಹತ್ತಿಯ ಉಂಡೆ. ಬಾಮೈದ ಕದ ತೆರೆದು ಬಂದು, ಭಾವ ಕೇಳಬೇಕಾದ ಪ್ರಶ್ನೆಯನ್ನು ತಾನೇ ಕೇಳಿದ.

"ನಮ್ಮ ಕಂಪ್ರೆಸರಾ?" ಡಾಕ್ಟರು ಕೈ ತೊಳೆಯುತ್ತ ನಕ್ಕರು. "ಅದರ ಸದ್ದಿಗೆ ಪೇಷಂಟುಗಳು ಎದ್ದು ಓಡ್ತಿದ್ರು. ಅದಕ್ಕೇ ನೆಲಮಾಳಿಗೇಲಿ ಇಟ್ಟು ಬಾಗಿಲು ಹಾಕಿಸಿದ್ದೀನಿ."

ಹೀಗೆ ಒಂದು ವಿಮಾನ, ಒಂದು ಹಲ್ಲು ಕಳೆದುಕೊಂಡು ಅಂಟಪ್ಪ ಕೊನೆಗೆ ಮಾಡೆಲ್ ಸಾಮಾನಿನ ಅಂಗಡಿ ಸೇರಿದ. ಅಂಗಡಿಯ ಮುದುಕ ಹಣೆ ಮೇಲೆ ಕನ್ನಡಕ ಏರಿಸಿಕೊಂಡು, ಹಡಗೊಂದಕ್ಕೆ ದಾರದ ಹಗ್ಗ ಕಟ್ಟುತ್ತಿದ್ದ. ಮೊದಲನೇ ಸಲ ಬಂದವನಿಗೆ ಸಂದರ್ಶನ ಮಾಡದೆ ಏನನ್ನೂ ಮಾರುವ ಪೈಕಿ ಅಲ್ಲ.

"ಏನು ಬೇಕು?"

ಅಂಟಪ್ಪ ಹತ್ತಿಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ, ಬೆಳಗಿನಿಂದ ಉರು ಹೊಡೆದಿದ್ದ ಮಾತನ್ನು ಹೇಳಿದ. "ಹದ್ದು ಇಹಬಾಹದು."

ಮುದುಕ ಕನ್ನಡಕ ಕೆಳಗಿಳಿಸಿ ನೋಡಿದ. "ಏನಂತೆ?"

"ಹದ್ದು ಇರಬಾರದಂತೆ," ಬಾಮೈದ ವಿವರಿಸಿದ.

"ಹದ್ದು ಗಿದ್ದು ನಾವು ಮಾರಲ್ಲಪ್ಪ. ವಿಮಾನ, ಹಡಗು, ರೈಲು, ಇಷ್ಟೇ."

ಅಂಟಪ್ಪ ತಲೆ ಅಲ್ಲಾಡಿಸಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ತೋರಿಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟ.

"ಭಾವನಿಗೆ ನಿದ್ದೆ ಬರ್ತಿದೆಯಂತೆ. ನೀವು ಮಾತಾಡಬಾರದಂತೆ."

ಮುದುಕ ಸಿಟ್ಟಾಗುವಷ್ಟರಲ್ಲಿ ಅಂಟಪ್ಪ ಗಾಜಿನ ಕಪಾಟಿನೊಳಗಿನ ಏರ್‌ಬ್ರಷ್ ತೋರಿಸಿ, ಕಂಪ್ರೆಸರ್ ತೋರಿಸಿ, ಎರಡೂ ಕಿವಿ ಮುಚ್ಚಿಕೊಂಡು, ಮತ್ತೆ ಮಲಗುವ ಹಾಗೆ ಮಾಡಿ, ತನ್ನ ಕುತ್ತಿಗೆಯನ್ನು ತಾನೇ ಹಿಡಿದು ಬಾಗಿಲ ಕಡೆ ದಬ್ಬಿಕೊಂಡ.

ಮುದುಕನ ಮುಖ ಮೃದುವಾಯಿತು. "ಹೆಂಡತಿನಾ?"

ಅಂಟಪ್ಪ ತಲೆಯಾಡಿಸಿದ.

"ಮೊದಲೇ ಹೇಳಬಾರದೇನಪ್ಪ." ಮುದುಕ ಹಡಗನ್ನು ಬದಿಗಿಟ್ಟ. "ನೋಡು, ಹೊಸಬರೆಲ್ಲ ಏರ್‌ಬ್ರಷ್ಷಿಗೆ ದುಡ್ಡು ಸುರಿದು ಕಂಪ್ರೆಸರ್‌ನಲ್ಲಿ ಉಳಿಸೋಕೆ ಹೋಗ್ತಾರೆ. ಅದು ಉಲ್ಟಾ. ಏರ್‌ಬ್ರಷ್ ಸಾಧಾರಣದ್ದೇ ಸಾಕು. ಬಣ್ಣದ ಬಟ್ಟಲು ಮೇಲಿರಬೇಕು. ಒಂದೇ ಗುಂಡಿ, ಕೆಳಗೆ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಬಣ್ಣ. ಕಂಪ್ರೆಸರ್ ಮಾತ್ರ ಒಳ್ಳೇದು ತಗೋ. ಗಾಳಿ ತುಂಬಿಡೋ ಟ್ಯಾಂಕ್ ಇರೋದು."

"ದೊಡ್ಡ ಟ್ಯಾಂಕಾ?" ಬಾಮೈದ ಮುಂದೆ ಬಂದ. "ನನ್ನ ಹತ್ರ..."

"ನೀನು ಸುಮ್ನಿರು," ಅಂದ ಮುದುಕ. ಆ ದಿನ ಅಂಟಪ್ಪನ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದು.

ಮುದುಕ ಕಂಪ್ರೆಸರ್ ಚಾಲೂ ಮಾಡಿದ. ದುಂಬಿಯೊಂದು ಹೂವಿನ ಒಳಗೆ ಹೊಕ್ಕು ಅಲ್ಲೇ ಕೂತಂಥ ಸದ್ದು. ಕಿವಿಗೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಟಪ್ಪನ ಕಣ್ಣು ತುಂಬಿತು. ಸ್ವಲ್ಪ ಹಲ್ಲಿನ ಕಡೆಯಿಂದಲೂ ಇರಬಹುದು.

ಮನೆ ಬಾಗಿಲಿನವರೆಗೆ ಹೊತ್ತು ತರುತ್ತೇನೆಂದ ಬಾಮೈದನಿಗೆ ದಾರಿಯಲ್ಲೇ ಗಿರಾಕಿಯ ಫೋನು ಬಂತು. ಮೂರು ಮಹಡಿಯ ಮೆಟ್ಟಿಲನ್ನು ಅಂಟಪ್ಪ ಒಬ್ಬನೇ, ಕೊಂಡ ಏರ್‌ಬ್ರಷ್ಷನ್ನು ಜೇಬಿಗೆ ಸೇರಿಸಿ, ಕಂಪ್ರೆಸರನ್ನು ಮಗುವಿನ ಹಾಗೆ ಅವುಚಿಕೊಂಡು ಹತ್ತಿದ. ಬಾಗಿಲು ಮೆಲ್ಲಗೆ ತೆರೆದರೆ ಹೆಂಡತಿ ಹಾಸಿಗೆ ಮೇಲೆ ಕೂತು ಗೋಡೆ ನೋಡುತ್ತಿದ್ದಾಳೆ.

"ಕಣ್ಣು ಒಂದು ಸಲಾನೂ ಹತ್ತಲಿಲ್ಲ," ಅಂದಳು. ಬಯ್ಯುವುದಕ್ಕೂ ಅವಳಲ್ಲಿ ತ್ರಾಣ ಇರಲಿಲ್ಲ. "ಸಂಜೆ ಮತ್ತೆ ಡ್ಯೂಟಿ. ಕೆನ್ನೆಗೇನಾಯ್ತು?"

"ಆಹೇಲೆ ಹೇಳ್ತೀನಿ, ಹಲಕ್ಕೋ."

ಪಕ್ಕದ ಸಣ್ಣ ಕೋಣೆಗೆ ಹೋಗಿ, ಕಂಪ್ರೆಸರ್ ಕೆಳಗೆ ಮಡಿಸಿದ ಕಂಬಳಿ ಹಾಸಿ, ಗುಂಡಿ ಒತ್ತಿದ. ಗುಂಯ್ ಅಂತು. ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಎಂದೋ ತಂದು ಪೆಟ್ಟಿಗೆಯಲ್ಲೇ ಇಟ್ಟಿದ್ದ ಇನ್ನೊಂದು ವಿಮಾನದ ರೆಕ್ಕೆ ತೆಗೆದು, ಬೂದು ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ ಏರ್‌ಬ್ರಷ್ಷಿನ ಬಟ್ಟಲಿಗೆ ಹನಿಸಿದ. ಗುಂಡಿ ಒತ್ತಿ ಹಿಂದಕ್ಕೆ ಎಳೆದ.

ಬಣ್ಣ ಉಸಿರಿನ ಹಾಗೆ ಬಂದು ಕೂತಿತು. ಗೆರೆಯಿಲ್ಲ, ಗುಳ್ಳೆಯಿಲ್ಲ, ಕೂದಲಿನ ಮಾತೇ ಇಲ್ಲ. ಅಂಟಪ್ಪ ರೆಕ್ಕೆಯ ಒಂದು ಕಡೆ ಮುಗಿಸಿದ, ಮಗುಚಿ ಇನ್ನೊಂದು ಕಡೆ ಮುಗಿಸಿದ, ಬಾಲಕ್ಕೆ ಬಂದ. ಬದುಕಿನಲ್ಲಿ ಒಂದು ಕೆಲಸ ತಾನಂದುಕೊಂಡ ಹಾಗೇ ಆಗುತ್ತಿರುವುದನ್ನು ನೋಡಿ ಅವನಿಗೆ ಸ್ವಲ್ಪ ಭಯವೇ ಆಯಿತು. ಎದ್ದು ಹೋಗಿ ಇಣುಕಿದ. ಹೆಂಡತಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಎಷ್ಟು ದಿನದ ಮೇಲೆ!

ಗೆದ್ದೆ ಅಂದುಕೊಂಡು ಬಂದು ಕೂತು, ಒಣಗುತ್ತಿರುವ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡುತ್ತ ಮೈಮರೆತ. ಅಷ್ಟರಲ್ಲಿ ಟ್ಯಾಂಕ್ ತುಂಬಿತು. ಕಂಪ್ರೆಸರ್ ತಾನಾಗಿ ನಿಂತಿತು.

"ರೀ!"

ಅಂಟಪ್ಪ ಬೆಚ್ಚಿ ಓಡಿದ. ಹೆಂಡತಿ ಅರ್ಧ ಎದ್ದು ಕೂತಿದ್ದಳು.

"ಯಾಕ್ರೀ ನಿಲ್ಲಿಸಿದ್ರಿ?"

"ಏನನ್ನ?" ಅವನ ನಾಲಿಗೆ ಈಗ ವಾಪಸು ಬಂದಿತ್ತು.

"ಆ ಗುಂಯ್ ಅನ್ನೋದನ್ನ. ಎಷ್ಟು ಚೆನ್ನಾಗಿತ್ತು! ಎದುರುಮನೆ ಸುತ್ತಿಗೆ, ನಾಯಿ, ಕುರ್ಚಿ, ಒಂದೂ ಕೇಳಲಿಲ್ಲ. ಯಾರೋ ತಲೆ ಸವರಿದ ಹಾಗಿತ್ತು. ಇಲ್ಲಿಗೇ ತಂದಿಡಿ, ಮಂಚದ ಪಕ್ಕ."

"ಅದು ಹಾಗೆ ಓಡ್ತಾನೇ ಇರಲ್ಲ ಕಣೇ. ಟ್ಯಾಂಕ್ ತುಂಬಿದ್ರೆ ನಿಂತುಹೋಗುತ್ತೆ. ಗಾಳಿ ಖಾಲಿ ಆದ್ರೇನೇ ಮತ್ತೆ ಶುರು ಆಗೋದು."

"ಖಾಲಿ ಮಾಡ್ತಾ ಇರಿ ಹಾಗಾದ್ರೆ."

ಅಂಟಪ್ಪ ಕಂಪ್ರೆಸರ್ ತಂದಿಟ್ಟು, ಒಂದು ಕೈಯಲ್ಲಿ ರೆಕ್ಕೆ, ಒಂದು ಕೈಯಲ್ಲಿ ಬಣ್ಣದ ಸೀಸೆ ಹಿಡಿದು ಬಂದ.

"ಮಲಗೋ ಕೋಣೇಲಿ ಬಣ್ಣನಾ? ವಾಸನೆಗೆ ಕೆಮ್ಮು ಬರುತ್ತೆ ನಂಗೆ. ಬರೀ ಗಾಳಿ ಬಿಡಿ ಸಾಕು."

ಅಂಟಪ್ಪ ಬಟ್ಟಲು ತೊಳೆದು ಒರೆಸಿದ. ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತ. ಏರ್‌ಬ್ರಷ್ಷನ್ನು ಎದುರಿನ ಗೋಡೆಗೆ ಗುರಿಯಿಟ್ಟು ಗುಂಡಿ ಒತ್ತಿದ. ಗಾಳಿ ಸುಯ್ ಅಂತ ಹೊರಟಿತು, ಕಂಪ್ರೆಸರ್ ಗುಂಯ್ ಅಂತು, ಹೆಂಡತಿ ಗೊರ್ ಅಂದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಬೆರಳು ತೆಗೆದು ನೋಡಿದ. ಮೋಟಾರು ನಿಂತಿತು, ಅವಳ ರೆಪ್ಪೆ ಅದುರಿತು. ಗಡಿಬಿಡಿಯಿಂದ ಮತ್ತೆ ಒತ್ತಿದ.

ಸೂಜಿಮದ್ದಿನ ಪ್ರಭಾವ ಇಳಿದು ಹಲ್ಲಿದ್ದ ಜಾಗ ಮಿಡಿಯತೊಡಗಿತು. ಮಾತ್ರೆ ಅಡುಗೆಮನೆಯಲ್ಲಿತ್ತು. ಏರ್‌ಬ್ರಷ್ಷಿನ ಕೊಳವೆ ಅಲ್ಲಿಯವರೆಗೆ ಬರುತ್ತಿರಲಿಲ್ಲ.

"ರೀ," ಹೆಂಡತಿ ಕಣ್ಣು ಬಿಡದೆ, ಪ್ರೀತಿಯಿಂದ ಅಂದಳು. "ಮದುವೆ ಆದಾಗಿಂದ ನೀವು ಇಷ್ಟು ಒಳ್ಳೇ ವಸ್ತು ತಂದಿರಲಿಲ್ಲ."

"ಹೂಂ."

"ನಾಳೆ ಭಾನುವಾರ ಅಲ್ವಾ?"

"ಹೂಂ."

"ನಿಮಗೆ ರಜಾ," ಅಂದು ಅವಳು ನಿಶ್ಚಿಂತೆಯಿಂದ ಗೋಡೆ ಕಡೆ ಹೊರಳಿದಳು.

ಅಂಟಪ್ಪ ಏರ್‌ಬ್ರಷ್ಷನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.