ಶಿರಾಲಿ ಅತ್ತಿಗೆಯ ಸಂಕಟ

ಮದುವೆಯಾದರೆ ಹೆಣ್ಣಿನ ಮನೆತನದ ಹೆಸರು ಬದಲಾಗುತ್ತದೆ ಎಂದು ಲೋಕ ತಿಳಿದಿದೆ. ನಮ್ಮ ಕಡೆ ಇದ್ದ ಹೆಸರೇ ಹೋಗಿ ಆ ಜಾಗದಲ್ಲಿ ಊರು ಬಂದು ಕೂರುತ್ತದೆ. ನನ್ನ ಹೆಸರು ಸುಮಿತ್ರಾ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವುದಿಲ್ಲ. ಶಿರಾಲಿಯಿಂದ ಕುಮಟೆಗೆ ಸೊಸೆಯಾಗಿ ಬಂದಾಗಿನಿಂದ ಇಲ್ಲಿ ನಾನು ಶಿರಾಲಿ ಅತ್ತಿಗೆ, ಶಿರಾಲಿ ಚಿಕ್ಕಮ್ಮ. ಹೋಗಲಿ, ತವರಿನಲ್ಲಾದರೂ ಹೆಸರು ಉಳಿದಿದೆಯೇ? ಅಲ್ಲಿ ಕುಮಟಾ ಅಕ್ಕ. ನಡುವೆ ಹೊನ್ನಾವರದಲ್ಲಿ ಬಸ್ಸು ನಿಂತಾಗ ಮಾತ್ರ ಯಾವ ಊರಿನವಳೂ ಅಲ್ಲದೆ ನೆಮ್ಮದಿಯಿಂದ ಒಂದು ಚಹಾ ಕುಡಿಯುತ್ತೇನೆ.

ಬರೀ ಕರೆಯುವುದಾಗಿದ್ದರೆ ಸಹಿಸುತ್ತಿದ್ದೆ. ಸಾರಿಗೆ ಹುಳಿ ಒಂದು ಚೂರು ಮುಂದಾದರೂ ಅತ್ತೆ ಎಲ್ಲರಿಗೂ ಕೇಳುವಂತೆ, “ಎಂತ ಮಾಡುದು, ಶಿರಾಲಿ ಕೈ ಅಲ್ದಾ” ಎನ್ನುತ್ತಾರೆ. ತಪ್ಪು ನನ್ನೊಬ್ಬಳದು, ಬೈಸಿಕೊಳ್ಳುವುದು ಗದ್ದೆ, ತೆಂಗಿನಮರ, ಹೆದ್ದಾರಿ ಸಮೇತ ಇಡೀ ಊರು. ಅದೇ ಪಾಯಸ ಚೆನ್ನಾಗಿ ಬಂತೋ, “ಈಗ ಇವ್ಳಿಗೆ ಕುಮಟಾ ರುಚಿ ಹತ್ತಿತು” ಎನ್ನುತ್ತಾರೆ. ಇದ್ಯಾವ ನ್ಯಾಯ?

ಒಮ್ಮೆ ಮುರ್ಡೇಶ್ವರದ ಕಡಲ ತೀರದಲ್ಲಿ ಡೆನ್ಮಾರ್ಕಿನ ಹೆಂಗಸೊಬ್ಬಳು ಮಾತಿಗೆ ಸಿಕ್ಕಿದಳು. ಅವರ ಭಾಷೆಯಲ್ಲೂ ಊರ ಹೆಸರಿಗೊಂದು ಬಾಲ ಹಚ್ಚಿ ಅಲ್ಲಿನ ಜನಕ್ಕೂ ತಿಂಡಿಗೂ ಬಳಸುತ್ತಾರಂತೆ. ಸೊಸೆಗೂ ಹಚ್ಚುತ್ತೀರಾ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಕಕ್ಕಾಬಿಕ್ಕಿಯಾಗಿ, ಸೊಸೆಗೆ ಹೆಸರಿರುತ್ತದಲ್ಲ ಎಂದಳು. ಎಷ್ಟು ಸರಳವಾದ ಮಾತು! ಮನೆಗೆ ಬಂದವಳೇ, ಇನ್ನು ಮುಂದೆ ನನ್ನನ್ನು ಹೆಸರು ಹಿಡಿದೇ ಕರೆಯಬೇಕು, ಊರು ಹಚ್ಚಕೂಡದು ಎಂದು ಸಾರಿದೆ. ಜಗಳಕ್ಕೆ ಸೆರಗು ಬಿಗಿದೇ ನಿಂತಿದ್ದೆ.

“ಆತು” ಎಂದುಬಿಟ್ಟರು ಅತ್ತೆ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮರುವಾರ ಊಟಕ್ಕೆ ನೆಂಟರು ಬಂದರು. ತವರಿನಲ್ಲಿ ಅಮ್ಮ ಕಲಿಸಿದ ಹಾಗೆಯೇ ಮಾವಿನಕಾಯಿ ಬೇಯಿಸಿ ಕಿವುಚಿ ಅಪ್ಪೆಹುಳಿ ಮಾಡಿದ್ದೆ. ನೆಂಟರು ಲೋಟಕ್ಕೆ ಹಾಕಿಸಿಕೊಂಡು ಕುಡಿದರು, ಮತ್ತೆ ಕೇಳಿ ಹಾಕಿಸಿಕೊಂಡರು. ಯಾರು ಮಾಡಿದ್ದು ಎಂದು ವಿಚಾರಿಸಿದರು. “ನಮ್ಮ ಸುಮಿತ್ರಾ ಮಾಡಿದ್ದು” ಎಂದರು ಅತ್ತೆ. ಇಷ್ಟು ವರ್ಷ ಕಾದ ಹೆಸರು ತುಂಬಿದ ಪಂಕ್ತಿಯಲ್ಲಿ ಕಿವಿಗೆ ಬಿತ್ತು. ನನಗೋ ಮೈಯೆಲ್ಲ ಉರಿದುಹೋಯಿತು.

“ಇದು ಶಿರಾಲಿ ಅಪ್ಪೆಹುಳಿ ಅತ್ತೆ” ಎಂದೆ, ಸ್ವಲ್ಪ ಜೋರಾಗಿಯೇ.

“ಊರು ಹಚ್ಚಬೇಡಿ ಹೇಳಿದ್ದು ನೀನೇ ಅಲ್ದನೆ?” ಎನ್ನುತ್ತ ಅವರು ಇನ್ನೊಂದು ಸೌಟು ಬಡಿಸಿದರು.

ಆಮೇಲಿಂದ ಅತ್ತೆಯನ್ನು ನಂಬಿ ಕೂರುವುದನ್ನು ಬಿಟ್ಟಿದ್ದೇನೆ. ಅಡುಗೆ ಚೆನ್ನಾಗಿ ಬಂದ ದಿನ ಬಡಿಸುವಾಗ ನಾನೇ ಶಿರಾಲಿಯ ಹೆಸರು ಹೇಳುತ್ತೇನೆ. ಉಪ್ಪು ಹೆಚ್ಚಾದ ದಿನ, ಇದು ಕುಮಟಾ ಕ್ರಮ, ಅತ್ತೆ ಕಲಿಸಿದ್ದು ಎನ್ನುತ್ತೇನೆ.