ಏಡಿಗೊಂದು ಹೋಸ್ ಪೈಪು

ಕಾರು ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಕರ್ಕಿಯಿಂದ ಶಾಂಭವಿ ಹೆಗಡೆಯ ಅನಂತ ನಮಸ್ಕಾರಗಳು. ತಮ್ಮ ಏಸಿ ಕೋಣೆ ಸದಾ ತಂಪಾಗಿರಲಿ, ತಮ್ಮ ವಿಭಾಗದ ಹೆಸರಿನಲ್ಲಿರುವ ಸಂತೋಷ ಎಂದಾದರೊಮ್ಮೆ ಗ್ರಾಹಕರಿಗೂ ತಲುಪಲಿ ಎಂದು ಹಾರೈಸುತ್ತಾ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮ್ಮ ಕಂಪನಿ ಹಿಂದೊಮ್ಮೆ ಮೈಮರೆತು ಒಂದು ಒಳ್ಳೆಯ ಸ್ಪೋರ್ಟ್ಸ್ ಕಾರು ತಯಾರಿಸಿತ್ತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಆ ಕಾರಿಗೆ ಶಕ್ತಿ ಸಾಲದೆಂದು ಪತ್ರಿಕೆಯವರು ಬರೆದರು. ತಾವು ಅದನ್ನು ನಂಬಿ ತಯಾರಿಕೆಯನ್ನೇ ನಿಲ್ಲಿಸಿದಿರಿ. ಅದಕ್ಕೂ ಮೊದಲೇ ನಾನೊಂದನ್ನು ಕೊಂಡು ತಂದಿದ್ದೆ, ನಮ್ಮೂರಿನವರು ಅದನ್ನು ಏಡಿ ಎಂದು ಕರೆದರು. ಪಕ್ಕದ ಮನೆಯ ಬಂಗಾರಿಯಂತೂ ಒಮ್ಮೆ ಕೂತು ನೋಡಿ, "ಎಂತ ಕಾರೇ ಇದು, ಕೂತ್ಕಂಡ್ರೆ ಏಳೂಕೆ ಇಬ್ರು ಬೇಕು" ಎಂದಳು. ಆದರೆ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ತಮ್ಮ ಈಗಿನ ಎತ್ತರದ ಗಾಡಿಗಳವರು ಬ್ರೇಕು ಒತ್ತಿ ದೇವರನ್ನು ನೆನೆಯುವಾಗ ನನ್ನ ಏಡಿ ಆರಾಮಾಗಿ ದಾಟಿ ಹೋಗುತ್ತದೆ. ನನಗೆ ಅದೆಂದರೆ ಪ್ರಾಣ.

ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಎಲ್ಲವನ್ನೂ ನಾನೇ ಬದಲಿಸುತ್ತೇನೆ. ಕುಮಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳ ಉಗುರಿನಲ್ಲಿ ಗ್ರೀಸ್ ಕಂಡು ಸಹೋದ್ಯೋಗಿಗಳು ಮೂಗು ಮುರಿಯುವುದೂ ಈಗ ನಿಂತಿದೆ. ಉಪ್ಪುಗಾಳಿಗೆ ಕಾರಿನ ತಳ ತುಕ್ಕು ಹಿಡಿಯತೊಡಗಿದಾಗ, ಬಂಗಾರಿಯ ತವರು ಮಾವಿನಕುರ್ವೆಯಲ್ಲಿ ದೋಣಿಗಳ ತಳಕ್ಕೆ ಬಳಿಯುವ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ತರಿಸಿ ಧಾರಾಳವಾಗಿ ಬಳಿದೆ. ದೋಣಿಗೆ ಸೈಲೆನ್ಸರ್ ಇರುವುದಿಲ್ಲ ಎಂಬ ಸಣ್ಣ ಸಂಗತಿ ಈ ರಸಾಯನಶಾಸ್ತ್ರದವಳಿಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ರೇಡಿಯೇಟರಿನ ಹೋಸ್ ಪೈಪು ಬಿರುಕು ಬಿಟ್ಟಿತ್ತು. ಅದಕ್ಕೆ ಟೇಪು ಸುತ್ತಿ, ಹೊಸದನ್ನು ಕೇಳೋಣವೆಂದು ಭಟ್ಕಳದಲ್ಲಿ ತಾವು ನಡೆಸಿದ ಕಾರು ವಿನಿಮಯ ಮೇಳಕ್ಕೆ ಹೋದೆ. ತಲುಪುವ ಹೊತ್ತಿಗೆ ಸೈಲೆನ್ಸರ್ ಕಾದು, ಗೇರೆಣ್ಣೆಯ ಹೊಗೆ ಎದ್ದು, ಜನ ಕೆಮ್ಮುತ್ತಾ ಚೆದುರಿದರು. ತಮ್ಮ ಸಿಬ್ಬಂದಿ ಮಹಾ ಶೌರ್ಯದಿಂದ ಬೆಂಕಿ ಆರಿಸುವ ಪುಡಿ ಎರಚಿದರು. ಬೆಂಕಿ ಇರಲಿಲ್ಲವಾದ್ದರಿಂದ ಅದು ತಮ್ಮ ಹೊಸ ಗಾಡಿಗಳ ಮೇಲೆ ಹೋಗಿ ಕೂತಿತು. ನಿಜ ಹೇಳಬೇಕೆಂದರೆ ಆ ಬಿಳಿ ಬಣ್ಣ ಅವಕ್ಕೆ ಒಪ್ಪುತ್ತಿತ್ತು.

ಆಮೇಲೆ ತಮ್ಮ ನೋಟೀಸು ಬಂತು. ಸ್ವಂತ ರಿಪೇರಿ ಮಾಡಿಕೊಳ್ಳುವವರಿಗೆ ಬಿಡಿಭಾಗ ಕೊಡುವುದಿಲ್ಲವಂತೆ, ಏಡಿಯನ್ನು ಗುಜರಿಗೆ ಹಾಕಿ ಎತ್ತರದ ಗಾಡಿ ಕೊಳ್ಳಬೇಕಂತೆ. ಹಳೆಯ ಪೈಪು ಪೂರ್ತಿ ಸೀಳಿಹೋಗಿ ನನ್ನ ಏಡಿ ಈಗ ಕೊಟ್ಟಿಗೆಯಲ್ಲಿ ನಿಂತಿದೆ. ಆದ್ದರಿಂದ ದಯಮಾಡಿ ಒಂದು ಪೈಪು ಕೊಡಿಸಿ. ಅದು ಅಸಾಧ್ಯವಾದರೆ ಅರಬ್ಬಿ ಸಮುದ್ರಕ್ಕೂ ಒಂದು ನೋಟೀಸು ಕಳಿಸಿ ಉಪ್ಪು ಬಿಡಿಸಿ, ಗೇರುಸೊಪ್ಪೆಯ ರಸ್ತೆಯನ್ನು ಎಳೆದು ನೇರ ಮಾಡಿಸಿ. ಆ ಕೂಡಲೇ ತಮ್ಮ ಎತ್ತರದ ಗಾಡಿಯನ್ನು ಆರತಿ ಎತ್ತಿ ಮನೆ ತುಂಬಿಸಿಕೊಳ್ಳುತ್ತೇನೆ.

ಗ್ರೀಸ್ ಅಂಟಿದ ಕೈಗಳನ್ನು ಜೋಡಿಸಿ,
ತಮ್ಮ ವಿಶ್ವಾಸಿ,
ಶಾಂಭವಿ ಹೆಗಡೆ

ತಾ.ಕ.: ನೋಟೀಸಿಗೆ ಸಹಿ ಹಾಕಿದ ತಮ್ಮ ಅಧಿಕಾರಿ ಅಕ್ಷಯ ಅವರು ಮೊನ್ನೆ ಫೋನ್ ಮಾಡಿ, "ಮೇಡಂ, ಆ ಕಾರು ಗುಜರಿಗೆ ಹಾಕ್ಬೇಡಿ, ಕೊಡುದಾದ್ರೆ ನಂಗೇ ಕೊಡಿ" ಎಂದು ಮೆಲ್ಲಗೆ ಕೇಳಿದರು. ಮಾರುವ ಮಾತೇ ಇಲ್ಲ. ಆದರೆ ಭಾನುವಾರ ಬಂದರೆ ಗೇರುಸೊಪ್ಪೆಯವರೆಗೆ ಓಡಿಸಲು ಕೊಡುತ್ತೇನೆ ಎಂದು ತಿಳಿಸಿ. ಇನ್ನೊಬ್ಬರ ಮನೆಗೆ ಬರಿಗೈಯಲ್ಲಿ ಬರಬಾರದಲ್ಲವೇ? ಹಣ್ಣುಹಂಪಲು ಬೇಡ, ಹೋಸ್ ಪೈಪು ತಂದರೆ ಸಾಕು.